ಯಾವ ದಿನ, ಯಾವ ಸ್ಲೈಡು, ಯಾವ ನಿಯಮ?

ಎಚ್.ಆರ್. ವಿಭಾಗದಿಂದ ಬರುವ ಮೊದಲ ಪತ್ರದಲ್ಲಿ ಎಲ್ಲವೂ ಇರುತ್ತದೆ, ಆರೋಪ ಒಂದನ್ನು ಬಿಟ್ಟು. ಇಂಥ ದೂರುಗಳನ್ನು ವಿಶ್ವವಿದ್ಯಾಲಯ ಗಂಭೀರವಾಗಿ ನೋಡುತ್ತದೆ ಎಂದಿರುತ್ತದೆ. ವಿಷಯವನ್ನು ಗುಟ್ಟಾಗಿಡಬೇಕು ಎಂದಿರುತ್ತದೆ. ಮನಸ್ಸಿಗೆ ಕಷ್ಟವಾದರೆ ಫೋನ್ ಮಾಡಲು ಒಂದು ನಂಬರೂ ಇರುತ್ತದೆ. ತರಗತಿಯಲ್ಲಿ ಏನಂದಿದ್ದಕ್ಕೆ ಇಷ್ಟೆಲ್ಲ ಎಂದು ಹುಡುಕಿದರೆ 'ಯಹೂದಿ ದ್ವೇಷದ ಸ್ವರೂಪದ ಹೇಳಿಕೆಗಳು' ಎಂಬ ನಾಲ್ಕು ಪದ ಸಿಗುತ್ತವೆ, ಅಷ್ಟೆ. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುವವರ ಮೇಲೆ ಇಂಥ ದೂರು ಬಂದಾಗ ಅದು ಯಾವ ಯಾವ ಮೇಜು ದಾಟಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ಯೂನಿಯನ್ ಪರವಾಗಿ ಪಕ್ಕದ ಕುರ್ಚಿಯಲ್ಲಿ ಕೂತು ಕಂಡವರ ಬರಹ ಇದು. ಆ ಶಿಕ್ಷಕರ ಹೆಸರಾಗಲಿ ಅವರ ವಿಶ್ವವಿದ್ಯಾಲಯದ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಬಹಿರಂಗವಾಗಿ ದಾಖಲಾದ ಪ್ರಕರಣಗಳನ್ನಷ್ಟೇ ಹೆಸರಿಸಿದೆ.

ಮೊದಲ ಉತ್ತರ ನಾಲ್ಕು ಸಾಲು ದಾಟಬಾರದು. ಪತ್ರ ತಲುಪಿದೆ, ಯೂನಿಯನ್ ಜೊತೆ ಮಾತಾಡಿ ಉತ್ತರಿಸುತ್ತೇನೆ. ಅಷ್ಟರೊಳಗೆ ದೂರಿನ ಪೂರ್ತಿ ಪ್ರತಿ, ಯಾವ ಮಾಡ್ಯೂಲಿನ ಯಾವ ದಿನದ ತರಗತಿ, ಆಡಿದ್ದೆನ್ನಲಾದ ಮಾತು ಅಕ್ಷರಶಃ ಏನು, ಯಾವ ನಿಯಮಾವಳಿಯ ಯಾವ ಕಲಮಿನಡಿ ವಿಚಾರಣೆ, ತನಿಖೆ ಮಾಡುವವರು ಯಾರು, ಇಷ್ಟನ್ನು ಬರವಣಿಗೆಯಲ್ಲಿ ಕೊಡಿ. ಇದಕ್ಕಿಂತ ಒಂದಕ್ಷರ ಹೆಚ್ಚು ಬೇಡ. ರಾತ್ರಿ ಹನ್ನೊಂದಕ್ಕೆ ಕೂತು ಮೂರು ಪುಟ ಸಮಜಾಯಿಷಿ ಬರೆದು ಕಳಿಸಿದವರು ಆಮೇಲೆ ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆರೋಪ ಏನೆಂದೇ ತಿಳಿಯದೆ ಕೊಟ್ಟ ಉತ್ತರದಲ್ಲಿ ಯಾರೂ ಕೇಳದ ಸಂಗತಿಯೂ ಬಂದುಬಿಡುತ್ತದೆ. ಆ ಸಂಗತಿ ಮುಂದಿನ ಪತ್ರದಲ್ಲಿ ಎರಡನೇ ಆರೋಪವಾಗಿ ಬರುತ್ತದೆ. 'ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ' ಎಂಬ ನಮ್ಮ ಕಡೆಯ ಸೌಜನ್ಯದ ಸಾಲಂತೂ ಫೈಲಿನಲ್ಲಿ ತಪ್ಪೊಪ್ಪಿಗೆಯ ಹಾಗೆ ಕೂರುತ್ತದೆ.

ಯಾವ ನಿಯಮಾವಳಿ ಎಂದು ಕೇಳುವುದಕ್ಕೆ ಕಾರಣವಿದೆ. ಒಂದೇ ದೂರು ಮೂರು ಬಾಗಿಲಲ್ಲಿ ಒಳಗೆ ಬರಬಹುದು: ವಿದ್ಯಾರ್ಥಿಗಳ ದೂರು ನಿಯಮ, ಕಿರುಕುಳ ತಡೆ ನೀತಿ, ನೌಕರರ ಶಿಸ್ತು ನಿಯಮ. ವಿದ್ಯಾರ್ಥಿಗಳ ದೂರು ನಿಯಮದಡಿ ದೂರಿತ್ತವರು ಮುಖ್ಯ ಕಕ್ಷಿ. ವಿಶ್ವವಿದ್ಯಾಲಯದ ತೀರ್ಮಾನ ಸರಿಕಾಣದಿದ್ದರೆ ಅವರು ಓ.ಐ.ಎ. ಎಂಬ ಸ್ವತಂತ್ರ ಸಂಸ್ಥೆಗೆ ಹೋಗಬಹುದು. ಅಲ್ಲಿ ಶಿಕ್ಷಕ ಬರೀ ಸಾಕ್ಷಿ, ಎದುರಿನ ದಾಖಲೆ ನೋಡುವ ಹಕ್ಕೂ ಅವರಿಗೆ ಸರಿಯಾಗಿ ಇರುವುದಿಲ್ಲ. ಶಿಸ್ತು ನಿಯಮದಡಿ ಆ ಹಕ್ಕುಗಳೆಲ್ಲ ಇವೆ. ಎಡವಟ್ಟಾಗುವುದು ಮೊದಲ ಬಾಗಿಲಲ್ಲಿ ಬಂದ ತೀರ್ಮಾನವನ್ನು ಹಾಗೇ ಎತ್ತಿ ಮೂರನೇ ಬಾಗಿಲೊಳಗೆ ಇಟ್ಟಾಗ: 'ತಪ್ಪು ನಡೆದಿದೆ ಎಂದು ಈಗಾಗಲೇ ಸಾಬೀತಾಗಿದೆ, ಶಿಕ್ಷೆ ಎಷ್ಟು ಎಂಬುದಷ್ಟೇ ಪ್ರಶ್ನೆ.' ಅಂಥ ವಾಕ್ಯ ಕಣ್ಣಿಗೆ ಬಿದ್ದ ದಿನವೇ ಆಕ್ಷೇಪ ಬರೆದು ಕಳಿಸಬೇಕು. ವಾರ ಕಳೆದರೆ ಒಪ್ಪಿಕೊಂಡ ಲೆಕ್ಕ.

ದೂರು ಕೊಟ್ಟವರು ತರಗತಿಯಲ್ಲಿ ಕೂತ ವಿದ್ಯಾರ್ಥಿಯೇ ಆಗಿರಬೇಕೆಂದೇನಿಲ್ಲ. ಹೊರಗಿನ ಸಂಘಟನೆ, ಪತ್ರಿಕೆ, ಹಳೆಯ ವಿದ್ಯಾರ್ಥಿ, ಸಂಸದ, ಯಾರೂ ಬರೆಯಬಹುದು. ಭಾರತದಲ್ಲೂ ಹೀಗಾಗಿದೆ: 2023ರ ನವೆಂಬರಿನಲ್ಲಿ ಸೋನಿಪತ್‌ನ ಒ.ಪಿ. ಜಿಂದಾಲ್ ವಿಶ್ವವಿದ್ಯಾಲಯದಲ್ಲಿ ನಿವೃತ್ತ ಪ್ರಾಧ್ಯಾಪಕ ಅಚಿನ್ ವನಾಯಕ್ ಪ್ಯಾಲೆಸ್ತೀನ್ ಕುರಿತು ಉಪನ್ಯಾಸ ಕೊಟ್ಟಾಗ ಪತ್ರ ಬರೆದದ್ದು ಇಸ್ರೇಲಿನ ರಾಯಭಾರ ಕಚೇರಿ. ಹೊರಗಿನವರ ದೂರನ್ನು ಕೇಳಲೇಬಾರದು ಎಂದಲ್ಲ. ಆದರೆ ಕೋಣೆಯಲ್ಲಿ ಇಲ್ಲದವರು ಕೋಣೆಯ ವಾತಾವರಣ ಹೇಗಿತ್ತು ಎಂದು ಹೇಳಲಾರರು. ಕಿರುಕುಳದ ಕಾನೂನು ಕೇಳುವುದು ಆ ವಾತಾವರಣವನ್ನೇ.

ಎರಡನೇ ದಿನದ ಕೆಲಸ ಯೂನಿಯನ್. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯ ಶಿಕ್ಷಕರದು ಯು.ಸಿ.ಯು. ತೊಂದರೆ ಬಂದ ಮೇಲೆ ಸದಸ್ಯತ್ವ ತಗೊಂಡರೆ ಸಲಹೆ ಸಿಕ್ಕೀತು, ವಕೀಲರ ಖರ್ಚು ಸಿಗುವುದು ಕಷ್ಟ. ಆದ್ದರಿಂದ ಕೆಲಸಕ್ಕೆ ಸೇರಿದ ವಾರವೇ ಸೇರಿಬಿಡುವುದು ಒಳ್ಳೆಯದು. 1999ರ ಉದ್ಯೋಗ ಸಂಬಂಧಗಳ ಕಾಯ್ದೆಯ 10ನೇ ಕಲಂ ಪ್ರಕಾರ ಶಿಸ್ತು ವಿಚಾರಣೆಗೆ ಯೂನಿಯನ್ ಪ್ರತಿನಿಧಿಯನ್ನೋ ಸಹೋದ್ಯೋಗಿಯನ್ನೋ ಜೊತೆಗೆ ಕರೆದೊಯ್ಯುವ ಹಕ್ಕಿದೆ. ಆ ಜೊತೆಗಾರರು ನಿಮ್ಮ ಪರವಾಗಿ ಮಾತಾಡಬಹುದು, ನಡುವೆ ನಿಮ್ಮೊಡನೆ ಪಿಸುಗುಟ್ಟಬಹುದು, ಆದರೆ ನಿಮಗೆ ಕೇಳಿದ ಪ್ರಶ್ನೆಗೆ ಅವರು ಉತ್ತರಿಸುವ ಹಾಗಿಲ್ಲ. ಆ ದಿನ ಅವರಿಗೆ ಬಿಡುವಿಲ್ಲದಿದ್ದರೆ ಐದು ಕೆಲಸದ ದಿನಗಳೊಳಗಿನ ಇನ್ನೊಂದು ದಿನವನ್ನು ಸೂಚಿಸಬಹುದು. ತನಿಖಾ ಹಂತದ ಮಾತುಕತೆಗೆ ಈ ಹಕ್ಕು ಕಾಯ್ದೆಯಲ್ಲಿಲ್ಲ. ಬಹಳಷ್ಟು ವಿಶ್ವವಿದ್ಯಾಲಯಗಳ ಸ್ವಂತ ನಿಯಮದಲ್ಲಿ ಇರುತ್ತದೆ, ಹುಡುಕಿ ನೋಡಬೇಕು. 'ಸುಮ್ಮನೆ ಒಂದು ಕಾಫಿ ಕುಡಿಯುತ್ತಾ ಮಾತಾಡೋಣ' ಎಂದು ವಿಭಾಗದ ಮುಖ್ಯಸ್ಥರು ಕರೆದರೆ ಕಾಫಿ ಕುಡಿಯಬಹುದು, ಮಾತು ಬೇಡ. ಆ ಕಾಫಿಯ ಟಿಪ್ಪಣಿಯೂ ಫೈಲಿಗೆ ಹೋಗುತ್ತದೆ.

ಅಮಾನತಿನ ಪತ್ರ ಬಂದರೆ ಅದರಲ್ಲಿ 'ಇದು ಶಿಕ್ಷೆಯಲ್ಲ, ತಟಸ್ಥ ಕ್ರಮ' ಎಂದಿರುತ್ತದೆ. ಸಂಬಳ ಪೂರ್ತಿ ಬರುತ್ತದೆ. ಬಾಗಿಲ ಕಾರ್ಡು ಮತ್ತು ಇಮೇಲು ಮಾತ್ರ ಆ ಗಂಟೆಯಿಂದಲೇ ಕೆಲಸ ಮಾಡುವುದಿಲ್ಲ. ಹೀಗೆ ಆದೀತೆಂಬ ಅನುಮಾನ ಬಂದ ಕೂಡಲೇ ಶಿಕ್ಷಕರು ಮಾಡುವ ಕೆಲಸ ಒಂದಿದೆ, ಅದನ್ನು ಮಾಡಬಾರದು: ನೂರಾರು ಇಮೇಲುಗಳನ್ನು ಸ್ವಂತ ಜಿಮೇಲಿಗೆ ಕಳಿಸಿಕೊಳ್ಳುವುದು. ಅದರಲ್ಲಿ ವಿದ್ಯಾರ್ಥಿಗಳ ಹೆಸರು, ಅಂಕ, ಕಾಯಿಲೆಯ ಸುದ್ದಿ ಎಲ್ಲ ಇರುತ್ತದೆ. ಮೂಲ ಆರೋಪ ಬಿದ್ದುಹೋದರೂ ಮಾಹಿತಿ ಸಂರಕ್ಷಣೆಯ ನಿಯಮ ಮುರಿದ ಆರೋಪ ಉಳಿಯುತ್ತದೆ, ಅದನ್ನು ಸಾಬೀತು ಮಾಡುವುದು ಬಲು ಸುಲಭ. ಬದಲಿಗೆ ಒಂದು ಹಾಳೆಯಲ್ಲಿ ಪಟ್ಟಿ ಮಾಡಿಟ್ಟುಕೊಳ್ಳಬೇಕು: ತಾರೀಖು, ಯಾರಿಂದ, ವಿಷಯದ ಸಾಲು. 'ಈ ಹದಿನಾಲ್ಕು ಇಮೇಲುಗಳನ್ನು ಉಳಿಸಿಡಿ, ವಿಚಾರಣೆಯ ಕಡತಕ್ಕೆ ಸೇರಿಸಿ' ಎಂದು ಬರೆದು ಕೇಳಬೇಕು. ಅದರ ಜೊತೆಗೆ ನಿಮ್ಮ ಬಗ್ಗೆ ಇರುವ ಮಾಹಿತಿಯನ್ನು ಕೊಡಿ ಎಂಬ ಕೋರಿಕೆಯನ್ನೂ ಹಾಕಬಹುದು. ಶುಲ್ಕವಿಲ್ಲ, ಒಂದು ತಿಂಗಳೊಳಗೆ ಕೊಡಬೇಕು, ಸಂಕೀರ್ಣ ಎಂದರೆ ಇನ್ನೆರಡು ತಿಂಗಳು ಎಳೆಯಬಹುದು. ಅಷ್ಟು ದಿನ ಹಿಡಿಯುವುದರಿಂದ ಮೊದಲ ವಾರವೇ ಹಾಕುವುದು ಜಾಣತನ.

ಈಗ ಸ್ಲೈಡಿನ ಮಾತು. ಯಹೂದಿ ದ್ವೇಷದ ಇತಿಹಾಸವನ್ನೇ ಪಾಠ ಮಾಡುವ ತರಗತಿ ಎಂದುಕೊಳ್ಳಿ. 'ಪ್ರೊಟೊಕಾಲ್ಸ್ ಆಫ್ ದಿ ಎಲ್ಡರ್ಸ್ ಆಫ್ ಜಿಯಾನ್' 1903ರಲ್ಲಿ ರಷ್ಯಾದಲ್ಲಿ ಅಚ್ಚಾದ ಖೋಟಾ ದಾಖಲೆ. ಅದನ್ನು ಎಲ್ಲಿಂದ ಕದ್ದು ಹೆಣೆದರು ಎಂಬುದನ್ನು 1921ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಬಯಲಿಗೆಳೆಯಿತು. ಖೋಟಾ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಬೇಕಾದರೆ ಅದರ ನಾಲ್ಕು ಸಾಲು ತೋರಿಸಲೇಬೇಕು. ಸ್ಲೈಡಿನಲ್ಲಿ ಆ ನಾಲ್ಕು ಸಾಲು ಮಾತ್ರ, ದಪ್ಪಕ್ಷರದಲ್ಲಿ. ಶೀರ್ಷಿಕೆ ಹಿಂದಿನ ಸ್ಲೈಡಿನಲ್ಲಿದೆ, ಮೂಲದ ವಿವರ ಕೊನೆಯ ಸ್ಲೈಡಿನಲ್ಲಿದೆ. ಹಿಂದಿನ ಸಾಲಿನಿಂದ ಯಾರೋ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುತ್ತಾರೆ. ಸಂಜೆಯ ಹೊತ್ತಿಗೆ ಆ ಫೋಟೊದಲ್ಲಿ ಇರುವುದು ವಿಶ್ವವಿದ್ಯಾಲಯದ ಲಾಂಛನ ಮತ್ತು ಯಹೂದಿಗಳು ಜಗತ್ತನ್ನು ಆಳಲು ಹೊಂಚು ಹಾಕಿದ್ದಾರೆ ಎಂಬ ನಾಲ್ಕು ಸಾಲು, ಅಷ್ಟೇ. ಧ್ವನಿಮುದ್ರಣದಲ್ಲೂ ಇದೇ ಪಾಡು: ಉದ್ಧರಣ ಚಿಹ್ನೆ ಕಿವಿಗೆ ಕೇಳುವುದಿಲ್ಲ. ಮೇಷ್ಟ್ರು ಓದುತ್ತಿದ್ದಾರೋ ಹೇಳುತ್ತಿದ್ದಾರೋ ಎಂಬುದು ಇಪ್ಪತ್ತು ಸೆಕೆಂಡಿನ ತುಣುಕಿನಲ್ಲಿ ಗೊತ್ತಾಗದು.

ಇದಕ್ಕೆ ಪರಿಹಾರ ತೀರಾ ಸಣ್ಣದು. ಚಿತ್ರ ಅಥವಾ ಉದ್ಧರಣೆ ಇರುವ ಸ್ಲೈಡಿನಲ್ಲೇ, ಅದರ ಅಂಚಿಗೆ ಅಂಟಿದ ಹಾಗೆ, ಮೂಲ ಮತ್ತು ಇಸವಿ ಬರೆಯಬೇಕು. ಕೆಳಗಿನ ಮೂಲೆಯಲ್ಲಿ ಬೇಡ, ಅದನ್ನು ಕತ್ತರಿಸಿಬಿಡಬಹುದು. '1903, ಖೋಟಾ ದಾಖಲೆ' ಎಂಬುದು ಉದ್ಧರಣೆಯ ಎರಡನೇ ಸಾಲಿಗೂ ಮೂರನೇ ಸಾಲಿಗೂ ನಡುವೆ ನೀರುಗುರುತಿನ ಹಾಗೆ ಹಾದುಹೋದರೆ ಇನ್ನೂ ಚೆನ್ನ. ಓದುವ ಮುಂಚೆ 'ಇದು ಅವರ ಮಾತು' ಎಂದೂ ಓದಿದ ಮೇಲೆ 'ಅವರ ಮಾತು ಮುಗಿಯಿತು' ಎಂದೂ ಬಾಯಿಬಿಟ್ಟು ಹೇಳಬೇಕು. ಮೊದಮೊದಲು ಹುಚ್ಚುಹುಚ್ಚಾಗಿ ಕೇಳಿಸುತ್ತದೆ, ಎರಡು ವಾರದಲ್ಲಿ ರೂಢಿಯಾಗುತ್ತದೆ.

ಪ್ಯಾನಾಪ್ಟೊದಂಥ ವ್ಯವಸ್ಥೆಯಲ್ಲಿ ಮುದ್ರಣವಾದ ಉಪನ್ಯಾಸಗಳು ನಿಗದಿತ ಅವಧಿ ಮುಗಿದ ಮೇಲೆ ತಂತಾನೇ ಅಳಿದುಹೋಗುವ ಹಾಗೆ ಕೆಲವು ಕಡೆ ಹೊಂದಿಸಿರುತ್ತಾರೆ. ದೂರು ಬಂದಿದ್ದು ಏಪ್ರಿಲಿನಲ್ಲಿ, ತರಗತಿ ನಡೆದದ್ದು ಅಕ್ಟೋಬರಿನಲ್ಲಿ ಎಂದಾದರೆ ಮೊದಲ ದಿನವೇ 'ಅಳಿಸಬೇಡಿ' ಎಂದು ಬರೆದು ಕಳಿಸಬೇಕು. ಇಡೀ ಐವತ್ತು ನಿಮಿಷದ ಮುದ್ರಣ ಶಿಕ್ಷಕರನ್ನು ಕಾಪಾಡಿದಷ್ಟು ಯಾವ ವಕೀಲರೂ ಕಾಪಾಡಲಾರರು. ಅದರ ಜೊತೆ ತಂತಾನೇ ತಯಾರಾಗುವ ಅಕ್ಷರ ಪ್ರತಿಯನ್ನು ಮಾತ್ರ ನಂಬುವಂತಿಲ್ಲ. ಭಾರತೀಯ ಉಚ್ಚಾರಣೆ, ಹೀಬ್ರೂ ಹೆಸರು, ಅರಬ್ಬಿ ಹೆಸರು ಮೂರೂ ಸೇರಿದರೆ ಯಂತ್ರ ತನಗೆ ತೋಚಿದ್ದನ್ನು ಬರೆಯುತ್ತದೆ. 'ನಾಟ್' ಎಂಬ ಒಂದು ಪದ ಬಿದ್ದುಹೋದರೆ ವಾಕ್ಯ ತಲೆಕೆಳಗಾಗುತ್ತದೆ. ಕಡತದಲ್ಲಿ ಅಕ್ಷರ ಪ್ರತಿ ಇದ್ದರೆ ಮುದ್ರಣ ಕೇಳುತ್ತಾ ಸಾಲುಸಾಲು ತಿದ್ದಿ, ನಿಮಿಷ ಸೆಕೆಂಡು ನಮೂದಿಸಿ ಮರಳಿ ಕೊಡಬೇಕು. ಒಂದು ಗಂಟೆಯ ಉಪನ್ಯಾಸಕ್ಕೆ ಆರೇಳು ಗಂಟೆ ಹಿಡಿಯುತ್ತದೆ. ಸೆಮಿನಾರುಗಳು ಮುದ್ರಣವಾಗುವುದಿಲ್ಲ. ಮಾತು ಬಿಸಿಯಾದ ದಿನ ಮನೆಗೆ ಹೋಗುವ ಮುಂಚೆ ಹತ್ತು ಸಾಲು ಬರೆದು ತಾರೀಖು ಹಾಕಿಟ್ಟರೆ, ಆರು ತಿಂಗಳ ನಂತರ ಅದು ನೆನಪಿಗಿಂತ ಹೆಚ್ಚು ತೂಗುತ್ತದೆ. ಪಾಠದ ಸಾಮಗ್ರಿ ಇಡುವ ಮೂಡಲ್ ಜಾಲತಾಣದಲ್ಲಿ ಹಾಕಿದ ಸ್ಲೈಡನ್ನು ದೂರು ಬಂದ ಮೇಲೆ ತಿದ್ದಲೇಬಾರದು. ಯಾರು ಯಾವ ಗಂಟೆಗೆ ತಿದ್ದಿದರು ಎಂಬ ಲೆಕ್ಕ ಅಲ್ಲಿ ಉಳಿಯುತ್ತದೆ, ಮತ್ತು ತಿದ್ದಿದ್ದೇ ತಪ್ಪಿನ ಗುರುತಾಗುತ್ತದೆ.

ಇನ್ನು ಅಳತೆಗೋಲು. ಪತ್ರದಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಯಹೂದಿ ದ್ವೇಷ ಎಂದರೇನು ಎಂದು ಹೇಳುವ ಐ.ಎಚ್.ಆರ್.ಎ. ವ್ಯಾಖ್ಯೆ. ಹೋಲೋಕಾಸ್ಟ್ ಸ್ಮರಣೆಗಾಗಿ ಇರುವ ಅಂತರ ಸರ್ಕಾರಿ ಒಕ್ಕೂಟವೊಂದು 2016ರ ಮೇ 26ರಂದು ಬುಕಾರೆಸ್ಟಿನಲ್ಲಿ ಒಪ್ಪಿಕೊಂಡ ಚಿಕ್ಕ ಪಠ್ಯ ಅದು. ಕಾನೂನಿನ ಬಲವಿಲ್ಲದ ಕಾರ್ಯ ವ್ಯಾಖ್ಯೆ ಎಂದು ಅದರಲ್ಲೇ ಹೇಳಿದೆ. ಎರಡು ವಾಕ್ಯದ ವ್ಯಾಖ್ಯೆ, ಕೆಳಗೆ 11 ಉದಾಹರಣೆ. ಅದರಲ್ಲಿ 7 ಇಸ್ರೇಲಿಗೆ ಸಂಬಂಧಿಸಿದವು. ಬ್ರಿಟಿಷ್ ಸರ್ಕಾರ ಅದೇ ವರ್ಷದ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. 2020ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವ ಗೆವಿನ್ ವಿಲಿಯಮ್‌ಸನ್ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ಒಪ್ಪಿಕೊಳ್ಳದಿದ್ದರೆ ಅನುದಾನಕ್ಕೆ ಕತ್ತರಿ ಬಿದ್ದೀತು ಎಂದರು. ಅಲ್ಲಿಂದ ಮುಂದೆ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿದವು, ಕೆಲವು ವಾಕ್ ಸ್ವಾತಂತ್ರ್ಯದ ಷರತ್ತು ಸೇರಿಸಿ ಒಪ್ಪಿದವು. ನಿಮ್ಮ ವಿಶ್ವವಿದ್ಯಾಲಯ ಷರತ್ತು ಸೇರಿಸಿದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. ಅದನ್ನು ನೋಡದೆ ವಿಚಾರಣೆಗೆ ಹೋದವರಿದ್ದಾರೆ.

ವ್ಯಾಖ್ಯೆಯನ್ನು ಪೂರ್ತಿ ಓದಿದವರಿಗೆ ಎರಡು ಸಂಗತಿ ಸಿಗುತ್ತವೆ. ಉದಾಹರಣೆಗಳ ಮೇಲಿನ ವಾಕ್ಯದಲ್ಲಿ ಒಟ್ಟಾರೆ ಸಂದರ್ಭವನ್ನು ಗಮನಿಸಿದಾಗ ಇವು ದ್ವೇಷ 'ಆಗಬಹುದು' ಎಂದಿದೆ, ಆಗುತ್ತವೆ ಎಂದಿಲ್ಲ. ಬೇರೆ ಯಾವುದೇ ದೇಶದ ಮೇಲೆ ಮಾಡುವಂಥ ಟೀಕೆಯನ್ನು ಇಸ್ರೇಲ್ ಮೇಲೆ ಮಾಡಿದರೆ ಅದು ಯಹೂದಿ ದ್ವೇಷವಲ್ಲ ಎಂದೂ ಸ್ಪಷ್ಟವಾಗಿದೆ. ದೂರಿನ ಪತ್ರದಲ್ಲಿ ಈ ಎರಡೂ ಉದುರಿಹೋಗಿ ಬರೀ 'ಏಳನೇ ಉದಾಹರಣೆ ಉಲ್ಲಂಘನೆ' ಎಂದು ಪೀನಲ್ ಕೋಡಿನ ಸೆಕ್ಷನ್ನಿನ ಹಾಗೆ ಬರೆದಿರುತ್ತಾರೆ. ಈ ಪಠ್ಯದ ಕರಡು ಬರೆದವರಲ್ಲಿ ಮುಖ್ಯರಾದ ಕೆನೆತ್ ಸ್ಟರ್ನ್ ಅವರೇ 2017ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ, ಅಂಕಿಅಂಶ ಸಂಗ್ರಹಿಸುವವರಿಗೆಂದು ಮಾಡಿದ್ದನ್ನು ಕ್ಯಾಂಪಸ್ಸಿನ ಮಾತಿಗೆ ಲಗಾಮು ಹಾಕಲು ಬಳಸಬಾರದು ಎಂದರು. ಯಹೂದಿ ದ್ವೇಷಕ್ಕೆ ಇನ್ನೊಂದು ವ್ಯಾಖ್ಯೆ ಕೊಡುವ, 2021ರ ಮಾರ್ಚಿನಲ್ಲಿ ಹೊರಬಂದ ಜೆರುಸಲೇಂ ಘೋಷಣೆಯಲ್ಲಿ 15 ಸೂತ್ರಗಳಿವೆ. ಇಸ್ರೇಲ್ ಬಗ್ಗೆ ಯಾವ ಮಾತು ಮೇಲ್ನೋಟಕ್ಕೇ ದ್ವೇಷ, ಯಾವುದು ಅಲ್ಲ ಎಂದು ಐದೈದಾಗಿ ಬಿಡಿಸಿ ಹೇಳಿದೆ. ತಮ್ಮ ಉತ್ತರದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು, ಆಡಿದ ಮಾತನ್ನು ಎರಡರಲ್ಲೂ ತೂಗಿ ತೋರಿಸಿದ ಶಿಕ್ಷಕರಿಗೆ ತನಿಖಾಧಿಕಾರಿಗಳು ಕಿವಿಗೊಟ್ಟಿದ್ದಾರೆ. 'ಆ ವ್ಯಾಖ್ಯೆಯನ್ನೇ ನಾನು ಒಪ್ಪುವುದಿಲ್ಲ' ಎಂದವರ ವಾದ ಅಲ್ಲಿಗೇ ನಿಂತಿದೆ, ಏಕೆಂದರೆ ವ್ಯಾಖ್ಯೆಯನ್ನು ಒಪ್ಪುವುದು ಬಿಡುವುದು ತನಿಖಾಧಿಕಾರಿಯ ಕೈಯಲ್ಲಿ ಇಲ್ಲ.

ಅಂತಿಮವಾಗಿ ತೂಗುವ ತಕ್ಕಡಿ ಬೇರೆಯೇ ಇದೆ: 2010ರ ಸಮಾನತೆ ಕಾಯ್ದೆ. ಯಹೂದಿಗಳಿಗೆ ಅದರಡಿ ಧರ್ಮದ ನೆಲೆಯಲ್ಲೂ ಜನಾಂಗದ ನೆಲೆಯಲ್ಲೂ ರಕ್ಷಣೆಯಿದೆ. ಒಂದು ಸಮುದಾಯವನ್ನು ಕಾನೂನು ಜನಾಂಗವೆಂದು ಯಾವಾಗ ಎಣಿಸಬೇಕು ಎಂಬ ಪರೀಕ್ಷೆ ರೂಪುಗೊಂಡದ್ದು ನಮ್ಮ ಕಡೆಯ ಹುಡುಗನೊಬ್ಬನಿಂದ. ಬರ್ಮಿಂಗ್‌ಹ್ಯಾಮಿನ ಶಾಲೆಯೊಂದು ಪಗಡಿ ತೊಟ್ಟ ಸಿಖ್ ಬಾಲಕನನ್ನು ಸೇರಿಸಿಕೊಳ್ಳದಿದ್ದಾಗ ಹೌಸ್ ಆಫ್ ಲಾರ್ಡ್ಸ್ 1983ರಲ್ಲಿ ಕೊಟ್ಟ ತೀರ್ಪು ಅದು. ಕಾಯ್ದೆಯ 26ನೇ ಕಲಮಿನ ಪ್ರಕಾರ ಕಿರುಕುಳ ಎಂದರೆ ಜನಾಂಗ ಧರ್ಮ ಮೊದಲಾದವಕ್ಕೆ ಸಂಬಂಧಿಸಿದ, ಬೇಡದ ನಡತೆ. ಘನತೆಗೆ ಕುಂದು ತರುವ ಅಥವಾ ಹೆದರಿಕೆಯ, ಹಗೆತನದ, ಅವಮಾನದ ವಾತಾವರಣ ಹುಟ್ಟಿಸುವ ಉದ್ದೇಶವೋ ಪರಿಣಾಮವೋ ಅದಕ್ಕಿರಬೇಕು. ಪರಿಣಾಮವನ್ನು ಅಳೆಯುವಾಗ ಮೂರನ್ನು ನೋಡಬೇಕು: ನೊಂದವರಿಗೆ ಹೇಗನ್ನಿಸಿತು, ಉಳಿದ ಸಂದರ್ಭ ಏನು, ಹಾಗೆ ಅನ್ನಿಸುವುದು ನ್ಯಾಯವೇ. ನಮ್ಮಲ್ಲಿ 'ಭಾವನೆಗೆ ಧಕ್ಕೆಯಾಗಿದೆ' ಎಂದರೆ ಚರ್ಚೆ ಮುಗಿದ ಹಾಗೆ. ಇಲ್ಲಿ ಧಕ್ಕೆಯಾದದ್ದು ಮೂರರಲ್ಲಿ ಒಂದು ಮಾತ್ರ.

ಅದೇ ಕಾಯ್ದೆಯ 94ನೇ ಕಲಮಿನ ಎರಡನೇ ಉಪಕಲಮು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಉನ್ನತ ಶಿಕ್ಷಣದ ಮಟ್ಟಿಗೆ ಪಠ್ಯಕ್ರಮದಲ್ಲಿ ಏನಿದೆ ಎಂಬುದು ಆ ಅಧ್ಯಾಯದ ವ್ಯಾಪ್ತಿಗೇ ಬರುವುದಿಲ್ಲ ಎನ್ನುತ್ತದೆ ಅದು. ಯಾವ ಪುಸ್ತಕ ಓದಿಸಿದಿರಿ ಎಂಬುದಕ್ಕೆ ಈ ರಕ್ಷಣೆ ಇದೆ. ಹೇಗೆ ಓದಿಸಿದಿರಿ, ಕೋಣೆಯಲ್ಲಿದ್ದ ವಿದ್ಯಾರ್ಥಿಯನ್ನು ಹೇಗೆ ನಡೆಸಿಕೊಂಡಿರಿ ಎಂಬುದಕ್ಕೆ ಇಲ್ಲ. ಇದರ ಮೇಲೆ 2025ರ ಆಗಸ್ಟ್ 1ರಿಂದ ಇಂಗ್ಲೆಂಡಿನಲ್ಲಿ ಎರಡು ಹೊಸ ಆಸರೆ ಸಿಕ್ಕಿವೆ. 2023ರ ವಾಕ್ ಸ್ವಾತಂತ್ರ್ಯ ಕಾಯ್ದೆಯ ಮುಖ್ಯ ಕರ್ತವ್ಯಗಳು ಅಂದಿನಿಂದ ಜಾರಿಗೆ ಬಂದವು. ಅದೇ ದಿನ ಉನ್ನತ ಶಿಕ್ಷಣದ ನಿಯಂತ್ರಕ ಸಂಸ್ಥೆಯ ಇ-6 ಎಂಬ ಷರತ್ತೂ ಬಂತು: ಪಾಠದ ಸಾಮಗ್ರಿ ಮತ್ತು ಪಾಠಕ್ಕೆ ಸಂಬಂಧಿಸಿದ ಚರ್ಚೆಯಲ್ಲಿ ಆಡಿದ ಮಾತು ಕಿರುಕುಳ ಆಗಿರಲಿಕ್ಕಿಲ್ಲ ಎಂಬ ಪೂರ್ವಗ್ರಹಿಕೆಯಿಂದಲೇ ವಿಶ್ವವಿದ್ಯಾಲಯ ಹೊರಡಬೇಕು, ಪುರಾವೆ ಇದ್ದರೆ ಆ ಗ್ರಹಿಕೆಯನ್ನು ಮುರಿಯಬಹುದು. ತನಿಖಾಧಿಕಾರಿಗೆ ಕೊಡುವ ಉತ್ತರದ ಮೊದಲ ಪುಟದಲ್ಲಿ ಈ ಮೂರೂ ಇರಬೇಕು. ತನಿಖೆ ಮಾಡುವವರು ಎಷ್ಟೋ ಸಲ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ತನಿಖೆಯ ಕೋಣೆಯಲ್ಲಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. 'ಇನ್ನೊಂದು ಕಡೆಯ ಲೇಖನ ಯಾಕೆ ಓದಿಸಲಿಲ್ಲ?' ಎಂಬುದು ಮೊದಲನೆಯದು. ಇದಕ್ಕೆ ರಾಜಕೀಯದ ಉತ್ತರ ಬೇಡ, ಮಾಡ್ಯೂಲಿನ ಕೈಪಿಡಿ ತೆರೆದು ಕಲಿಕೆಯ ಗುರಿಗಳನ್ನು ತೋರಿಸಬೇಕು: ಆರನೇ ವಾರ ಇದು, ಎಂಟನೇ ವಾರ ಅದು, ಆರನೇ ವಾರದ ದಿನ ಬಂದ ವಿದ್ಯಾರ್ಥಿ ಎಂಟನೇ ವಾರ ಬರಲಿಲ್ಲ. ಎರಡನೇ ಪ್ರಶ್ನೆ 'ಯಹೂದಿ ವಿದ್ಯಾರ್ಥಿಗೆ ಇದು ಹೇಗನ್ನಿಸೀತು ಎಂದು ಯೋಚಿಸಿದಿರಾ?' ಇದು ನ್ಯಾಯವಾದ ಪ್ರಶ್ನೆ, ಸಿಟ್ಟಾಗುವಂಥದ್ದಲ್ಲ. ತರಗತಿಗೆ ಮುಂಚೆ ಏನು ಹೇಳಿದಿರಿ, ಎದುರು ವಾದ ಮಾಡಿದವರಿಗೆ ಎಷ್ಟು ಹೊತ್ತು ಕೊಟ್ಟಿರಿ, ಅವರ ಪ್ರಬಂಧಕ್ಕೆ ಅಂಕ ಹೇಗೆ ಬಂತು, ಹೆಸರಿಲ್ಲದೆ ಮೌಲ್ಯಮಾಪನ ನಡೆಯಿತೇ, ಉತ್ತರ ಇವುಗಳಲ್ಲಿದೆ. ಮೂರನೆಯದು 'ನೀವು ಜಿಯೋನಿಸಂ ವಿರೋಧಿಯೇ?' ಜಿಯೋನಿಸಂ ಎಂದರೆ ಯಹೂದಿಗಳಿಗೆ ಸ್ವಂತ ರಾಷ್ಟ್ರ ಇರಬೇಕೆಂಬ ಸಿದ್ಧಾಂತ. ಈ ಪ್ರಶ್ನೆಗೆ ಜೊತೆಗಾರರು ಕೈಯೆತ್ತಬೇಕು: ನಂಬಿಕೆಯ ಬಗ್ಗೆ ದೂರಿದೆಯೋ ನಡತೆಯ ಬಗ್ಗೆಯೋ? ಟಿಪ್ಪಣಿ ಕೈಗೆ ಬಂದಾಗ ಈ ಆಕ್ಷೇಪ ಅದರಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಿ, ಸಹಿ ಹಾಕಬೇಕು.

ನಂಬಿಕೆ, ನಡತೆ ಎರಡೂ ಬೇರೆ ಎಂಬುದಕ್ಕೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಲರ್ ಪ್ರಕರಣವೇ ಪಾಠ. ಸಮಾಜಶಾಸ್ತ್ರದ ಈ ಪ್ರಾಧ್ಯಾಪಕರ ಮೇಲೆ 2019ರ ಉಪನ್ಯಾಸವೊಂದರಿಂದ ದೂರು ಶುರುವಾಯಿತು, 2021ರ ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆದರು. 2024ರ ಫೆಬ್ರುವರಿಯಲ್ಲಿ ಉದ್ಯೋಗ ಟ್ರಿಬ್ಯೂನಲ್ ಅವರನ್ನು ತೆಗೆದದ್ದು ಅನ್ಯಾಯ, ತಾರತಮ್ಯ ಎಂದಿತು. ಅವರ ಜಿಯೋನಿಸಂ ವಿರೋಧ ಸಮಾನತೆ ಕಾಯ್ದೆಯಡಿ ರಕ್ಷಣೆ ಪಡೆಯುವ ತಾತ್ವಿಕ ನಂಬಿಕೆ ಎಂದಿತು. ಸುದ್ದಿಯಾದದ್ದು ಇಷ್ಟು. ಅದೇ ತೀರ್ಪಿನಲ್ಲಿ, ಯಹೂದಿ ವಿದ್ಯಾರ್ಥಿಗಳ ಬಗ್ಗೆ ಅವರು ಬಹಿರಂಗವಾಗಿ ಆಡಿದ ಮಾತೂ ಈ ಗತಿಗೆ ಕಾರಣ ಎಂದು ಪರಿಹಾರವನ್ನು ಅರ್ಧಕ್ಕಿಳಿಸಿದರು. ಗೆದ್ದವರು ಎಂದು ಮೆರೆಸುವವರೂ ಸೋತ ವಿಶ್ವವಿದ್ಯಾಲಯ ಎಂದು ಮರುಗುವವರೂ ಈ ಎರಡನೇ ಅರ್ಧವನ್ನು ಓದುವುದಿಲ್ಲ. ಸಿದ್ಧಾಂತದ ಮೇಲೆ ಎಷ್ಟು ಕಟುವಾಗಿಯಾದರೂ ಮಾತಾಡಿ. ನಿಮ್ಮದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಬೇರೆ ಯಾರದೋ ಕೈಗೊಂಬೆ ಎಂದಿರೋ, ಅಲ್ಲಿಗೆ ರಕ್ಷಣೆ ತೆಳುವಾಗುತ್ತದೆ.

ಎಲ್ಲ ದೂರುಗಳೂ ಪೊಳ್ಳಲ್ಲ, ಹಾಗೆ ಅನ್ನಿಸುವಂಥ ಲೆಕ್ಕ ಒಂದು ಇದ್ದರೂ. ಬ್ರಿಟನ್ನಿನ ಮಧ್ಯಪ್ರಾಚ್ಯ ಅಧ್ಯಯನ ಸಂಘ ಮತ್ತು ಯುರೋಪಿಯನ್ ಕಾನೂನು ನೆರವು ಕೇಂದ್ರ ಸೇರಿ 2023ರಲ್ಲಿ ಹೊರತಂದ ವರದಿ 2017ರಿಂದ 2022ರವರೆಗಿನ 40 ಪ್ರಕರಣಗಳನ್ನು ನೋಡಿತು. 38ರಲ್ಲಿ ಆರೋಪ ನಿಲ್ಲಲಿಲ್ಲ, ಎರಡು ಆಗ ಇನ್ನೂ ನಡೆಯುತ್ತಿದ್ದವು. ಆ 40 ಅವರ ಬಳಿ ನೆರವು ಕೇಳಿ ಬಂದವು ಮತ್ತು ಐ.ಎಚ್.ಆರ್.ಎ. ವ್ಯಾಖ್ಯೆಯನ್ನು ಮುಂದಿಟ್ಟವು ಎಂಬುದನ್ನು ಮರೆಯಬಾರದು. ಅದರಾಚೆಗೆ ಯಹೂದಿ ವಿದ್ಯಾರ್ಥಿಯನ್ನು ಎಬ್ಬಿಸಿ ನಿಲ್ಲಿಸಿ 'ನಿಮ್ಮ ಸರ್ಕಾರ ಮಾಡಿದ್ದಕ್ಕೆ ಏನಂತೀರಿ' ಎಂದು ಕೇಳಿದ ಶಿಕ್ಷಕರೂ ಇದ್ದಾರೆ. ಆ ವಿದ್ಯಾರ್ಥಿನಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದವಳಾಗಿರುತ್ತಾಳೆ. ಕನ್ನಡ ಮಾತಾಡುವವರು ಇಲ್ಲಿ ಸ್ವಲ್ಪ ನಾಲಿಗೆ ಹಿಡಿಯಬೇಕು. ಹರಟೆಯಲ್ಲಿ ನಾವು 'ಯಹೂದಿಗಳು ಗಾಜಾಕ್ಕೆ ನುಗ್ಗಿದರು' ಎಂದುಬಿಡುತ್ತೇವೆ, ಹೇಳಬೇಕಾದದ್ದು ಇಸ್ರೇಲ್ ಸೇನೆ. ಕನ್ನಡದಲ್ಲಿ ಯಾರೂ ಹಿಡಿದು ಕೇಳುವುದಿಲ್ಲ. ಅದೇ ವಾಕ್ಯ ತರ್ಜುಮೆಯಾಗಿ ಇಂಗ್ಲಿಷ್ ತರಗತಿಯಲ್ಲಿ ಹೊರಬಿದ್ದರೆ, ಒಂದು ರಾಜ್ಯ ಮಾಡಿದ್ದಕ್ಕೆ ಇಡೀ ಜನಾಂಗವನ್ನು ಹೊಣೆ ಮಾಡಿದ ಹಾಗಾಗುತ್ತದೆ, ಐ.ಎಚ್.ಆರ್.ಎ. ಪಟ್ಟಿಯ ಹನ್ನೊಂದನೇ ಉದಾಹರಣೆಯೂ ಅದೇ, ಜೆರುಸಲೇಂ ಘೋಷಣೆಯೂ ಅದನ್ನು ದ್ವೇಷ ಎಂದೇ ಎಣಿಸುತ್ತದೆ. ಸರ್ಕಾರ, ಸೇನೆ, ವಸಾಹತುಗಾರರು, ಇಂಥ ಪಕ್ಷ, ಇಂಥ ಮಂತ್ರಿ, ಕರ್ತೃ ಯಾರೋ ಅವರನ್ನೇ ಹೆಸರಿಸಬೇಕು. ಬಾಯಿ ತಪ್ಪಿ ಬಂದರೆ ಅದೇ ತರಗತಿಯಲ್ಲಿ ತಿದ್ದಿಕೊಳ್ಳಬೇಕು, ಮುದ್ರಣದಲ್ಲಿ ತಿದ್ದಿದ್ದೂ ಉಳಿಯುತ್ತದೆ.

ಅಮೆರಿಕದ ಬಗ್ಗೆ ಎರಡು ಮಾತು. ಅಲ್ಲಿ ದೂರು ವಿಶ್ವವಿದ್ಯಾಲಯದೊಳಗೂ ಹೋಗಬಹುದು, 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದಡಿ ಶಿಕ್ಷಣ ಇಲಾಖೆಗೂ ಹೋಗಬಹುದು. ಘಟನೆಯಾದ 180 ದಿನಗಳೊಳಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಕ್ಯಾಂಪಸ್ಸಿನ ಪ್ರಾಧ್ಯಾಪಕ ವಿಲಿಯಂ ರಾಬಿನ್ಸನ್ 2009ರ ಜನವರಿಯಲ್ಲಿ ಜಾಗತೀಕರಣದ ಕೋರ್ಸಿನ ವಿದ್ಯಾರ್ಥಿಗಳಿಗೆ ಗಾಜಾ ಮತ್ತು ನಾಜಿ ಕಾಲದ ಫೋಟೊಗಳನ್ನು ಪಕ್ಕಪಕ್ಕ ಜೋಡಿಸಿದ ಇಮೇಲು ಕಳಿಸಿದರು. ಇಬ್ಬರು ವಿದ್ಯಾರ್ಥಿಗಳು ಕೋರ್ಸು ಬಿಟ್ಟು ದೂರು ಕೊಟ್ಟರು. ಜೂನಿನಲ್ಲಿ ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟಿತು. ಆ ಇಮೇಲು ಒಳ್ಳೆಯ ಪಾಠವಾಗಿತ್ತೇ ಎಂಬ ಬಗ್ಗೆ ನಮಗೆ ಅನುಮಾನವಿದೆ. ವಿವರಣೆಯಿಲ್ಲದೆ ಜೋಡಿಸಿದ ಫೋಟೊ ಯಾವ ವಿಷಯದಲ್ಲೂ ಒಳ್ಳೆಯ ಪಾಠವಲ್ಲ. ಆದರೆ ಕೆಟ್ಟ ಪಾಠ ಬೇರೆ, ಶಿಸ್ತು ಕ್ರಮಕ್ಕೆ ಅರ್ಹವಾದ ಅಪರಾಧ ಬೇರೆ. ಐದು ತಿಂಗಳು ಹಿಡಿದದ್ದು ಈ ವ್ಯತ್ಯಾಸ ಕಾಣುವುದಕ್ಕೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಸಮಿತಿಯೊಂದು ಕೂತು, ಶಿಕ್ಷಕರು ಯಹೂದಿ ದ್ವೇಷದ ಮಾತಾಡಿದ್ದಕ್ಕೆ ಪುರಾವೆಯಿಲ್ಲ ಎಂದೂ ದೂರು ಕೊಡುವ ವ್ಯವಸ್ಥೆಯೇ ಗೊಂದಲಮಯ ಎಂದೂ ಹೇಳಿತ್ತು. ಇಪ್ಪತ್ತು ವರ್ಷದ ನಂತರ, 2025ರ ಮಾರ್ಚಿನಲ್ಲಿ ಸರ್ಕಾರ ಅದೇ ವಿಶ್ವವಿದ್ಯಾಲಯದ 40 ಕೋಟಿ ಡಾಲರ್ ಅನುದಾನ ತಡೆಯಿತು, ಜುಲೈನಲ್ಲಿ 20 ಕೋಟಿ ಡಾಲರ್ ಕಟ್ಟುವ ಒಪ್ಪಂದವಾಯಿತು, ಐ.ಎಚ್.ಆರ್.ಎ. ವ್ಯಾಖ್ಯೆಯನ್ನು ವಿಶ್ವವಿದ್ಯಾಲಯ ಶಿಸ್ತು ವ್ಯವಸ್ಥೆಗೆ ಸೇರಿಸಿಕೊಂಡಿತು. ಇತಿಹಾಸಕಾರ ರಶೀದ್ ಖಾಲಿದಿ ಆಧುನಿಕ ಮಧ್ಯಪ್ರಾಚ್ಯದ ತಮ್ಮ ಕೋರ್ಸನ್ನು ಆ ವ್ಯಾಖ್ಯೆಯ ಕೆಳಗೆ ಕಲಿಸಲಾಗದು ಎಂದು ಕೈಬಿಟ್ಟರು. ಯಾರೂ ಅವರ ಮೇಲೆ ವಿಚಾರಣೆ ನಡೆಸಲಿಲ್ಲ. ವಿಚಾರಣೆಯೇ ಬೇಕಾಗಲಿಲ್ಲ.

ವೀಸಾದ ಮೇಲಿರುವವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ನುರಿತ ನೌಕರರ ವೀಸಾದವರನ್ನು ಕೆಲಸದಿಂದ ತೆಗೆದರೆ ಉದ್ಯೋಗದಾತರು ಹತ್ತು ಕೆಲಸದ ದಿನಗಳೊಳಗೆ ಗೃಹ ಇಲಾಖೆಗೆ ತಿಳಿಸಬೇಕು, ಅಲ್ಲಿಂದ ಸಾಮಾನ್ಯವಾಗಿ 60 ದಿನದ ಗಡುವು ಬರುತ್ತದೆ. ಟ್ರಿಬ್ಯೂನಲಿನ ತೀರ್ಪು ಬರಲು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಮೈಸೂರಿನಲ್ಲಿ ಕೂತು ವೀಡಿಯೊದಲ್ಲಿ ಸಾಕ್ಷಿ ಹೇಳುವ ಪರಿಸ್ಥಿತಿ. ಗಂಟೆಗಿಷ್ಟು ಎಂದು ಸೆಮಿನಾರು ನಡೆಸುವ ಪಿಎಚ್‌ಡಿ ವಿದ್ಯಾರ್ಥಿಗಳಿಗಂತೂ ಇಲ್ಲಿ ವಿವರಿಸಿದ ಯಾವ ಹಂತವೂ ಬರುವುದಿಲ್ಲ. ಅವರ ಮೇಲೆ ಆರೋಪಪಟ್ಟಿ ಇರುವುದಿಲ್ಲ, ವಿಚಾರಣೆ ಇರುವುದಿಲ್ಲ, ಮುಂದಿನ ಟರ್ಮಿನಲ್ಲಿ ಗಂಟೆಗಳೂ ಇರುವುದಿಲ್ಲ. ಇವರಿಗೆ ಒಂದೇ ಉಪಾಯ: ತರಗತಿಯ ಸಾಮಗ್ರಿಯನ್ನು ಮಾಡ್ಯೂಲಿನ ಮುಖ್ಯಸ್ಥರಿಗೆ ಮೊದಲೇ ಕಳಿಸಿ 'ಸರಿಯಿದೆ' ಎಂಬ ಒಂದು ಸಾಲು ತರಿಸಿಟ್ಟುಕೊಳ್ಳುವುದು. ಆ ಸಾಲು ಬಂದರೆ ಜವಾಬ್ದಾರಿ ಮೇಲಕ್ಕೆ ಹೋಗುತ್ತದೆ. ಕಳಿಸಿಯೂ ಬರಲಿಲ್ಲ ಎಂದರೆ ಅದೂ ಒಂದು ದಾಖಲೆ.

ದೂರು ಕೊಟ್ಟವರು ಯಾರು ಎಂದು ಊಹಿಸುವುದು, ಉಳಿದ ವಿದ್ಯಾರ್ಥಿಗಳಿಗೆ 'ನನ್ನ ಪರವಾಗಿ ಎರಡು ಸಾಲು ಬರೆಯಿರಿ' ಎಂದು ಹೇಳುವುದು, ಟ್ವೀಟು ಹಾಕುವುದು, ಈ ಮೂರೂ ಬ್ರಿಟನ್ನಿನ ಸಮಾನತೆ ಕಾಯ್ದೆಯ 27ನೇ ಕಲಮಿನ ಕಡೆಗೆ ಕರೆದೊಯ್ಯುತ್ತವೆ. ದೂರಿತ್ತದ್ದಕ್ಕೆ ಸೇಡು ತೀರಿಸಿಕೊಳ್ಳುವುದು ಪ್ರತ್ಯೇಕ ತಪ್ಪು, ಮೂಲ ದೂರು ಸುಳ್ಳಾದರೂ ಅದು ನಿಲ್ಲಬಹುದು. ವಿದ್ಯಾರ್ಥಿಗಳ ಸಾಕ್ಷಿ ಬೇಕಿದ್ದರೆ ತನಿಖಾಧಿಕಾರಿಯೇ ಇಡೀ ತರಗತಿಗೆ ಬರೆಯಲಿ ಎಂದು ಕೇಳಬೇಕು.

ವಿಚಾರಣಾ ಮಂಡಳಿಯಲ್ಲಿ ಸಾಮಾನ್ಯವಾಗಿ ಮೂವರು. ಅನುಮಾನಕ್ಕೆಡೆಯಿಲ್ಲದಂತೆ ಸಾಬೀತಾಗಬೇಕಿಲ್ಲ, ಆಗಿರುವ ಸಂಭವವೇ ಹೆಚ್ಚು ಎಂದಾದರೆ ಸಾಕು. ತನಿಖೆಯ ನಡುವೆ ಆರೋಪ ಬೆಳೆಯುತ್ತದೆ. ಉಪನ್ಯಾಸದಿಂದ ಶುರುವಾದದ್ದು ನಾಲ್ಕು ವರ್ಷ ಹಿಂದಿನ ಟ್ವೀಟಿಗೆ ಹೋಗಿ ನಿಲ್ಲುತ್ತದೆ. ಬೆಳೆದಾಗಲೆಲ್ಲ ಹೊಸ ಪತ್ರ, ಹೊಸ ತಾರೀಖು, ಓದಲು ಹೊಸ ಕಾಲಾವಕಾಶ ಕೇಳಬೇಕು. ಕೆಲಸದಿಂದ ತೆಗೆದರೆ ಟ್ರಿಬ್ಯೂನಲಿಗೆ ಹೋಗಲು ಬಹುಕಾಲದಿಂದ ಇರುವ ಗಡುವು ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅದರೊಳಗೆ ಎಕಾಸ್ ಸಂಸ್ಥೆಯ ಸಂಧಾನಕ್ಕೆ ಅರ್ಜಿ ಹಾಕಿರಬೇಕು. ಉದ್ಯೋಗ ಕಾನೂನು ಬದಲಾಗುತ್ತಿರುವ ಹೊತ್ತು ಇದು, ಆ ದಿನದ ನಿಯಮವನ್ನು ಯೂನಿಯನ್ ಬಳಿ ಕೇಳಿಯೇ ಎಣಿಸಬೇಕು. ಒಳಗಿನ ಮೇಲ್ಮನವಿ ನಡೆಯುತ್ತಿದೆ ಎಂದು ಆ ಗಡಿಯಾರ ನಿಲ್ಲುವುದಿಲ್ಲ. ಮೇಲ್ಮನವಿಯ ಉತ್ತರಕ್ಕೆ ಕಾಯುತ್ತಾ ಕೂತು ಗಡುವು ಕಳೆದುಕೊಳ್ಳುವುದು ನಾವು ಕಂಡ ಅತಿ ದೊಡ್ಡ ನಷ್ಟ.

ಬಹಳಷ್ಟು ಸಲ ಅಷ್ಟು ದೂರ ಹೋಗುವುದೇ ಇಲ್ಲ. 'ಮುಂದಿನ ಕ್ರಮ ಬೇಡ' ಎಂಬ ಅರ್ಧ ಪುಟದ ಪತ್ರ ಬರುತ್ತದೆ. ಅದರ ಕೊನೆಯಲ್ಲಿ 'ಆದರೂ ಸೂಕ್ಷ್ಮ ವಿಷಯಗಳನ್ನು ಎಚ್ಚರದಿಂದ ಕಲಿಸಬೇಕೆಂದು ಸಲಹೆ' ಎಂಬ ಬಾಲ ಇದ್ದರೆ ಸಹಿ ಹಾಕುವ ಮುಂಚೆ ಕೇಳಬೇಕು: ಇದು ಎಚ್ಚರಿಕೆಯೋ ಸಲಹೆಯೋ, ನನ್ನ ಸೇವಾ ಕಡತದಲ್ಲಿ ಎಷ್ಟು ದಿನ ಇರುತ್ತದೆ, ಬಡ್ತಿ ಸಮಿತಿ ಇದನ್ನು ನೋಡುತ್ತದೆಯೇ? ಉತ್ತರ ಬರವಣಿಗೆಯಲ್ಲೇ ಬರಬೇಕು. ಇನ್ನೊಂದು ಕೆಲಸ ಇರುವುದು ಮುಂದಿನ ವರ್ಷದ ಮಾಡ್ಯೂಲುಗಳ ಪಟ್ಟಿ ತಯಾರಾಗುವ ತಿಂಗಳಲ್ಲಿ. ಆರನೇ ವಾರ ಅದರಲ್ಲಿ ಹಾಗೇ ಇದೆಯೇ ನೋಡಬೇಕು. ಯಾರೂ ತೆಗೆಯಿರಿ ಎಂದಿರುವುದಿಲ್ಲ. ವಿಭಾಗದ ಕಚೇರಿಯಲ್ಲಿ ಕೇಳಿದರೆ 'ಈ ವರ್ಷ ಟೈಮ್‌ಟೇಬಲ್ ಬಿಗಿ, ಒಂದು ವಾರ ಕಡಿಮೆ ಮಾಡಿದ್ದೇವೆ' ಎನ್ನುತ್ತಾರೆ. ಯಾವ ವಾರ ಎಂದು ಕೇಳಿ.